ನ್ಯುಮೋನಿಯಾ ಲಸಿಕೆಯ ಹೆಸರಿನ ಜೊತೆ ಆ ಅಂಕಿ ಏಕೆ?

ಪದೇ ಪದೇ ಎದೆಯ ಸೋಂಕಿಗೆ ತುತ್ತಾಗುವ ವಯಸ್ಕರ ಲಸಿಕೆ ಚೀಟಿಯಲ್ಲಿ ಪಿಪಿಎಸ್‌ವಿ23, ಪಿಸಿವಿ13, ಪಿಸಿವಿ20 ಎಂಬ ಹೆಸರುಗಳು ಬೇರೆ ಬೇರೆ ವರ್ಷಗಳ ಮುಂದೆ ಬರೆದಿರುವುದುಂಟು. 23 ಹಾಕಿಸಿಕೊಂಡವರಿಗೆ ಮತ್ತೆ 20 ಯಾಕೆ, ಅದು ಇನ್ನೂ ಕಡಿಮೆಯಲ್ಲವೇ ಎಂದು ಅನೇಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ನ್ಯುಮೋನಿಯಾ ತರುವ ರೋಗಾಣುಗಳು ಹಲವು. ಅವುಗಳಲ್ಲಿ ಮುಖ್ಯವಾದದ್ದು ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ. 1881ರಲ್ಲಿ ಫ್ರಾನ್ಸ್‌ನಲ್ಲಿ ಲೂಯಿ ಪಾಶ್ಚರ್, ಅಮೆರಿಕದಲ್ಲಿ ಜಾರ್ಜ್ ಸ್ಟರ್ನ್‌ಬರ್ಗ್ ಇದನ್ನು ಬೇರೆ ಬೇರೆಯಾಗಿ ಗುರುತಿಸಿದರು. ಇದರ ಮೈಮೇಲೆ ಸಕ್ಕರೆಯ ಸರಪಳಿಗಳಿಂದಾದ ಒಂದು ಕವಚವಿರುತ್ತದೆ. ಈ ಕವಚ ಇರುವುದರಿಂದಲೇ ಬಿಳಿ ರಕ್ತಕಣಗಳಿಗೆ ಅದನ್ನು ಹಿಡಿದು ನುಂಗುವುದು ಕಷ್ಟ. ಕವಚಕ್ಕೆ ಅಂಟಿಕೊಳ್ಳುವ ಪ್ರತಿಕಾಯ ರಕ್ತದಲ್ಲಿದ್ದರೆ ಮಾತ್ರ ಹಿಡಿತ ಸಿಗುತ್ತದೆ. ತೊಡಕು ಎಂದರೆ ಕವಚ ಒಂದೇ ಬಗೆಯದಲ್ಲ. ಇಂದು ನೂರಕ್ಕೂ ಹೆಚ್ಚು ಬಗೆಗಳು ಗೊತ್ತಿವೆ, ಇವನ್ನೇ ಸೀರೋಟೈಪ್ ಎನ್ನುವುದು. ಒಂದರ ವಿರುದ್ಧದ ಪ್ರತಿಕಾಯ ಸಾಮಾನ್ಯವಾಗಿ ಇನ್ನೊಂದನ್ನು ತಡೆಯುವುದಿಲ್ಲ. ಹಾಗಾಗಿ ಒಮ್ಮೆ ನ್ಯುಮೋನಿಯಾ ಬಂದು ಹೋದವರೂ ಲಸಿಕೆ ಹಾಕಿಸಿಕೊಳ್ಳಬೇಕು. ಹೆಸರಿನ ಜೊತೆಗಿರುವ ಅಂಕಿ ಆ ಲಸಿಕೆ ಎಷ್ಟು ಬಗೆಯ ಕವಚಗಳನ್ನು ಗುರಿಯಾಗಿಸಿದೆ ಎಂಬುದರ ಲೆಕ್ಕ.

ಈ ಬಗೆಗಳ ವಿಚಾರ ಸ್ಪಷ್ಟವಾಗುವ ಮೊದಲೇ ಪ್ರಯೋಗ ಶುರುವಾಗಿತ್ತು. 1911ರಲ್ಲಿ ಬ್ರಿಟಿಷ್ ವೈದ್ಯ ಆಲ್ಮ್ರಾತ್ ರೈಟ್ ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರಿಗೆ ಸಾಯಿಸಿದ ಇಡೀ ಬ್ಯಾಕ್ಟೀರಿಯಾಗಳ ಲಸಿಕೆ ಕೊಟ್ಟರು. ಇಕ್ಕಟ್ಟಾದ ವಸತಿಗಳಲ್ಲಿದ್ದ ಆ ಕಾರ್ಮಿಕರು ನ್ಯುಮೋನಿಯಾದಿಂದ ದೊಡ್ಡ ಸಂಖ್ಯೆಯಲ್ಲಿ ಸಾಯುತ್ತಿದ್ದರು. ಫಲಿತಾಂಶ ಖಚಿತವಾಗಲಿಲ್ಲ. ಅಲ್ಲಿ ಹರಡಿದ್ದ ಬಗೆಗಳು ಯಾವುವು, ಲಸಿಕೆಯಲ್ಲಿದ್ದ ಬಗೆಗಳು ಯಾವುವು ಎಂದು ಹೊಂದಿಸಿ ನೋಡಿರಲಿಲ್ಲ. ಗಣಿಯ ಬಗೆಗಳನ್ನು ವಿಂಗಡಿಸುವ ಕೆಲಸವನ್ನು ಅಲ್ಲೇ ಇದ್ದ ಸ್ಪೆನ್ಸರ್ ಲಿಸ್ಟರ್ ಮುಂದುವರಿಸಿದರು. 1920ರ ದಶಕದಲ್ಲಿ ಆಸ್ವಾಲ್ಡ್ ಏವರಿ ಮತ್ತು ಮೈಕೆಲ್ ಹೈಡೆಲ್‌ಬರ್ಗರ್ ಆ ಕವಚ ಸಕ್ಕರೆಯ ಸರಪಳಿ, ಅಂದರೆ ಪಾಲಿಸ್ಯಾಕರೈಡ್ ಎಂದು ತೋರಿಸಿದ ಮೇಲೆ ದಾರಿ ತೆರೆಯಿತು: ಇಡೀ ಬ್ಯಾಕ್ಟೀರಿಯಾ ಬೇಕಿಲ್ಲ, ಕವಚವನ್ನು ಮಾತ್ರ ಶುದ್ಧಮಾಡಿ ಚುಚ್ಚಿದರೆ ಸಾಕು.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೌತ್ ಡಕೋಟಾದ ಸೂ ಫಾಲ್ಸ್‌ನಲ್ಲಿದ್ದ ಸೇನಾ ತರಬೇತಿ ಶಾಲೆಯಲ್ಲಿ ಸುಮಾರು 17,000 ಮಂದಿಯ ಮೇಲೆ ಇದನ್ನು ಪರೀಕ್ಷಿಸಿದರು. ಅರ್ಧದಷ್ಟು ಜನರಿಗೆ 1, 2, 5, 7ನೇ ಬಗೆಗಳ ಕವಚ, ಉಳಿದವರಿಗೆ ಬರೀ ಲವಣದ ನೀರು. ಲಸಿಕೆ ಪಡೆದವರಲ್ಲಿ ಎರಡು ವಾರಗಳ ನಂತರ ಆ ನಾಲ್ಕು ಬಗೆಗಳ ನ್ಯುಮೋನಿಯಾ ಬಹುತೇಕ ನಿಂತುಹೋಯಿತು. ಲಸಿಕೆಯಲ್ಲಿಲ್ಲದ ಬಗೆಗಳಿಂದ ಮಾತ್ರ ಎರಡೂ ಗುಂಪಿನವರಿಗೆ ಕಾಯಿಲೆ ಸಮನಾಗಿ ಬಂತು. ಈ ಲಸಿಕೆಯ ಶಕ್ತಿ ಏನು, ಮಿತಿ ಏನು ಎಂಬುದು 1945ರ ಆ ವರದಿಯಲ್ಲೇ ಇದೆ.

ಆದರೆ ಅದೇ ಕಾಲಕ್ಕೆ ಪೆನಿಸಿಲಿನ್ ಬಂತು. ಆರು ಬಗೆಗಳ ಲಸಿಕೆಗಳು ಮಾರುಕಟ್ಟೆಗೆ ಬಂದರೂ ಕೇಳುವವರಿಲ್ಲದೆ 1950ರ ದಶಕದಲ್ಲಿ ಮರೆಯಾದವು. ಬಂದ ಮೇಲೆ ವಾಸಿಮಾಡಬಹುದಾದ ಕಾಯಿಲೆಗೆ ಮುಂಚಿತವಾಗಿ ಚುಚ್ಚುವುದೇಕೆ ಎಂದು ವೈದ್ಯರೇ ಭಾವಿಸಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದವರು ಅಮೆರಿಕದ ವೈದ್ಯ ರಾಬರ್ಟ್ ಆಸ್ಟ್ರಿಯನ್. ಬ್ರೂಕ್ಲಿನ್‌ನ ಆಸ್ಪತ್ರೆಯೊಂದರ ಹತ್ತು ವರ್ಷಗಳ ದಾಖಲೆಗಳನ್ನು ಜೆರೋಮ್ ಗೋಲ್ಡ್ ಜೊತೆ ಪರಿಶೀಲಿಸಿ 1964ರಲ್ಲಿ ಅವರು ತೋರಿಸಿದ್ದು ಇದು: ರೋಗಾಣು ರಕ್ತಕ್ಕೆ ಇಳಿದ ನ್ಯುಮೋನಿಯಾದಲ್ಲಿ ಮೊದಲ ಐದು ದಿನಗಳೊಳಗೆ ಆಗುವ ಸಾವುಗಳನ್ನು ಪೆನಿಸಿಲಿನ್ ತಗ್ಗಿಸಿಯೇ ಇಲ್ಲ. ಔಷಧ ಕೆಲಸ ಶುರುಮಾಡುವಷ್ಟರಲ್ಲಿ ದೇಹ ಸೋತಿರುತ್ತದೆ. ವಯಸ್ಸಾದವರು, ಹಳೆಯ ಕಾಯಿಲೆ ಇದ್ದವರು ಆ ಗುಂಪಿನಲ್ಲಿ ಹೆಚ್ಚು. ವಯಸ್ಕರ ಲಸಿಕೆಗೆ ಇವತ್ತಿಗೂ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ಆಸ್ಟ್ರಿಯನ್ ಮತ್ತೆ ದಕ್ಷಿಣ ಆಫ್ರಿಕಾದ ಗಣಿಗಳಿಗೇ ಹೋಗಿ ಪರೀಕ್ಷೆ ನಡೆಸಿದರು. 1977ರಲ್ಲಿ 14 ಬಗೆಗಳ ಲಸಿಕೆಗೆ, 1983ರಲ್ಲಿ 23 ಬಗೆಗಳ ಪಿಪಿಎಸ್‌ವಿ23ಕ್ಕೆ ಪರವಾನಗಿ ಸಿಕ್ಕಿತು. ಅರ್ಧ ಮಿಲಿಲೀಟರ್ ದ್ರವದಲ್ಲಿ ಪ್ರತಿ ಬಗೆಯ ಕವಚ 25 ಮೈಕ್ರೋಗ್ರಾಂ.

ಬರೀ ಸಕ್ಕರೆಯ ಲಸಿಕೆಗೆ ಒಂದು ದೌರ್ಬಲ್ಯವಿದೆ. ಅದು ಬಿ ಕಣ ಎಂಬ ಬಿಳಿ ರಕ್ತಕಣಗಳನ್ನು ನೇರವಾಗಿ ಕೆರಳಿಸಿ ಪ್ರತಿಕಾಯ ಮಾಡಿಸುತ್ತದೆ, ಆದರೆ ನೆನಪು ಉಳಿಸುವ ಟಿ ಕಣಗಳ ನೆರವು ಪಡೆಯುವುದಿಲ್ಲ. ಆದ್ದರಿಂದ ಪ್ರತಿಕಾಯ ಕೆಲವು ವರ್ಷಗಳಲ್ಲಿ ಇಳಿಯುತ್ತದೆ, ಎರಡನೇ ಡೋಸ್ ಮೊದಲಿನದನ್ನು ಮೀರಿಸುವುದಿಲ್ಲ, ಬೇಗ ಬೇಗ ಕೊಟ್ಟರೆ ಸ್ಪಂದನೆ ಇನ್ನಷ್ಟು ಕುಗ್ಗಬಹುದು. ಸಕ್ಕರೆಯನ್ನು ಒಂದು ಪ್ರೋಟೀನ್‌ಗೆ ಬೆಸೆದರೆ ಟಿ ಕಣಗಳೂ ಎಚ್ಚರಗೊಳ್ಳುತ್ತವೆ. ಹೀಗೆ ಬೆಸೆದ ಸಕ್ಕರೆ ಪ್ರತಿಕಾಯ ಹುಟ್ಟಿಸುತ್ತದೆ ಎಂಬುದನ್ನು ಏವರಿ ಮತ್ತು ವಾಲ್ಟರ್ ಗೀಬೆಲ್ 1930ರ ಆಸುಪಾಸಿನಲ್ಲೇ ಮೊಲಗಳಲ್ಲಿ ತೋರಿಸಿದ್ದರು. ಅದು ಮಕ್ಕಳ ಲಸಿಕೆಯಾಗಿ, ಪಿಸಿವಿ7 ಎಂಬ ಹೆಸರಿನಲ್ಲಿ ಬಂದದ್ದು 2000ದಲ್ಲಿ. ಇದೇ ಕಾಂಜುಗೇಟ್ ಲಸಿಕೆ. ಪಿಸಿವಿ ಎಂದು ಶುರುವಾಗುವ ಹೆಸರುಗಳೆಲ್ಲ ಈ ಜಾತಿಯವು, ಪಿಪಿಎಸ್‌ವಿ ಬರೀ ಸಕ್ಕರೆಯದು. ಬೆಸೆಯುವ ಪ್ರೋಟೀನ್ ಹೆಚ್ಚಾಗಿ ಡಿಫ್ತೀರಿಯಾ ವಿಷದ ನಿರಪಾಯಕಾರಿ ರೂಪ. ಹಾಗಾಗಿ ಡಿಫ್ತೀರಿಯಾ ಲಸಿಕೆಗೆ ತೀವ್ರ ಅಲರ್ಜಿ ಆದವರು ಅದನ್ನು ಮೊದಲೇ ಹೇಳಬೇಕು.

ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಈ ಎರಡು ಜಾತಿಗಳ ವ್ಯತ್ಯಾಸ ಎಷ್ಟೆಂದು ಆಫ್ರಿಕಾದ ಎರಡು ಅಧ್ಯಯನಗಳಿಂದ ತಿಳಿಯುತ್ತದೆ. ಉಗಾಂಡಾದಲ್ಲಿ ಎಚ್‌ಐವಿ ಇದ್ದ ವಯಸ್ಕರಿಗೆ 23 ಬಗೆಗಳ ಸಕ್ಕರೆ ಲಸಿಕೆ ಕೊಟ್ಟಾಗ ರಕ್ಷಣೆ ಕಾಣಲಿಲ್ಲ. ವರದಿ ಬಂದದ್ದು 2000ದಲ್ಲಿ. ಮಲಾವಿಯಲ್ಲಿ ಒಮ್ಮೆ ತೀವ್ರ ನ್ಯುಮೋಕಾಕಸ್ ಸೋಂಕಿನಿಂದ ಚೇತರಿಸಿಕೊಂಡವರಿಗೇ, ಅಂದರೆ ಮರುಕಳಿಸುವ ಅಪಾಯ ಹೆಚ್ಚಿದ್ದವರಿಗೇ, ಪಿಸಿವಿ7ರ ಎರಡು ಡೋಸ್‌ಗಳನ್ನು ನಾಲ್ಕು ವಾರಗಳ ಅಂತರದಲ್ಲಿ ಕೊಟ್ಟರು. ಅವರಲ್ಲಿ ಬಹುಪಾಲು ಮಂದಿಗೆ ಎಚ್‌ಐವಿ ಇತ್ತು. ಲಸಿಕೆಯ ಬಗೆಗಳಿಂದಾಗುವ ಮರುಸೋಂಕು 74 ಶೇಕಡಾ ತಗ್ಗಿತು. ಇದು ಪ್ರಕಟವಾದದ್ದು 2010ರಲ್ಲಿ. 23ಕ್ಕಿಂತ 7 ಹೆಚ್ಚು ಕೆಲಸ ಮಾಡಿತು. ಚೀಟಿಯ ಪ್ರಶ್ನೆಗೆ ಉತ್ತರ ಇಲ್ಲಿದೆ: ಎಷ್ಟು ಬಗೆ ಎಂಬುದರಷ್ಟೇ ಯಾವ ಜಾತಿ ಎಂಬುದೂ ಮುಖ್ಯ.

ನೆದರ್ಲೆಂಡ್ಸ್‌ನಲ್ಲಿ 65 ದಾಟಿದ ಸುಮಾರು 84,500 ಜನರಲ್ಲಿ ಪಿಸಿವಿ13ನ್ನು ಪರೀಕ್ಷಿಸಿದ ಕ್ಯಾಪಿಟಾ ಅಧ್ಯಯನ 2015ರಲ್ಲಿ ಹೊರಬಂತು. ಲಸಿಕೆಯಲ್ಲಿದ್ದ ಬಗೆಗಳ ನ್ಯುಮೋನಿಯಾ ಸುಮಾರು 46 ಶೇಕಡಾ, ರಕ್ತಕ್ಕೆ ಇಳಿಯುವಂಥ ತೀವ್ರ ರೂಪ 75 ಶೇಕಡಾ ಕಡಿಮೆಯಾಯಿತು. ಎಲ್ಲ ಕಾರಣಗಳ ನ್ಯುಮೋನಿಯಾ ಒಟ್ಟಿಗೆ ಲೆಕ್ಕ ಹಾಕಿದಾಗ ಮಾತ್ರ ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ. ರೋಗಿಗೆ ಇದನ್ನು ಮುಚ್ಚಿಡದೆ ಹೇಳಬೇಕು. ಬ್ರಾಂಕಿಯೆಕ್ಟಾಸಿಸ್ ಇರುವವರ ಹಿಗ್ಗಿದ ಶ್ವಾಸನಾಳಗಳಲ್ಲಿ ನೆಲೆಸುವುದು ಹೆಚ್ಚಾಗಿ ಹೀಮೋಫಿಲಸ್, ಸ್ಯೂಡೊಮೊನಾಸ್ ಮುಂತಾದ ಬೇರೆ ರೋಗಾಣುಗಳು. ಈ ಲಸಿಕೆ ಅವನ್ನು ಮುಟ್ಟುವುದಿಲ್ಲ. ಹಾಗೆಂದು ಅವರಿಗೆ ಲಸಿಕೆ ಬೇಡ ಎಂದಲ್ಲ. ಈಗಾಗಲೇ ಹಾಳಾದ ಶ್ವಾಸಕೋಶಕ್ಕೆ ನ್ಯುಮೋಕಾಕಸ್ ಕೂಡ ಸೇರಿಕೊಂಡರೆ ತಡೆದುಕೊಳ್ಳುವ ಶಕ್ತಿ ಉಳಿದಿರುವುದಿಲ್ಲ.

ನಂತರದ ಬದಲಾವಣೆಗಳು ಬೇಗ ಬೇಗ ಆದವು. ಮಕ್ಕಳಿಗೆ ಲಸಿಕೆ ಹಾಕಿದಂತೆ ದೊಡ್ಡವರಲ್ಲೂ ಆ ಬಗೆಗಳು ಕಡಿಮೆಯಾದವು, ಖಾಲಿ ಜಾಗಕ್ಕೆ ಬೇರೆ ಬಗೆಗಳು ಬಂದವು. ಅವನ್ನು ಹಿಂಬಾಲಿಸಿ 2021ರಲ್ಲಿ ಪಿಸಿವಿ15 ಮತ್ತು ಪಿಸಿವಿ20, 2024ರಲ್ಲಿ ವಯಸ್ಕರಿಗೆಂದೇ ರೂಪಿಸಿದ ಪಿಸಿವಿ21 ಬಂದವು. ಪಿಸಿವಿ21ರಲ್ಲಿ 4ನೇ ಬಗೆ ಇಲ್ಲ. ಆ ಬಗೆ ಹೆಚ್ಚಾಗಿ ಹರಡಿರುವ ಕಡೆ ಪಿಸಿವಿ20 ಸೂಕ್ತ. ಅಮೆರಿಕದ ಸಲಹಾ ಸಮಿತಿ 2024ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಹಾಕಬೇಕಾದ ವಯಸ್ಸನ್ನು 65ರಿಂದ 50ಕ್ಕೆ ಇಳಿಸಿತು. ವಯಸ್ಸಿನ ಗೆರೆ ದೇಶದಿಂದ ದೇಶಕ್ಕೆ ಬೇರೆ. ಆದರೆ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಮಧುಮೇಹ, ಹೃದಯದ ಕಾಯಿಲೆ ಇರುವವರು, ಗುಲ್ಮ (ಸ್ಪ್ಲೀನ್) ತೆಗೆಸಿದವರು, ಧೂಮಪಾನಿಗಳು ಇಂಥವರಿಗೆ ವಯಸ್ಸು ಕಾಯದೆ ಹಾಕುವ ಪದ್ಧತಿ ಅಲ್ಲಿದೆ.

ಆ ಸಮಿತಿಯ ಕ್ರಮ ಈಗ ಸರಳ. ಏನೂ ಹಾಕಿಸಿಕೊಳ್ಳದವರಿಗೆ ಪಿಸಿವಿ20 ಅಥವಾ 21ರ ಒಂದೇ ಡೋಸ್ ಸಾಕು. ಪಿಸಿವಿ15 ಕೊಟ್ಟರೆ ಒಂದು ವರ್ಷದ ನಂತರ ಪಿಪಿಎಸ್‌ವಿ23 ಸೇರಿಸಬೇಕು. ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ಎಂಟು ವಾರಕ್ಕೇ ಕೊಡಬಹುದು. ಹಿಂದೆ ಪಿಪಿಎಸ್‌ವಿ23 ಮಾತ್ರ ಆಗಿದ್ದರೆ ಕನಿಷ್ಠ ಒಂದು ವರ್ಷ ಬಿಟ್ಟು ಕಾಂಜುಗೇಟ್. ಗುಲ್ಮ ತೆಗೆಯುವ ಶಸ್ತ್ರಚಿಕಿತ್ಸೆ ಅಥವಾ ಕೀಮೋಥೆರಪಿ ಮೊದಲೇ ಗೊತ್ತಿದ್ದರೆ ಎರಡು ವಾರ ಮುಂಚೆ ಮುಗಿಸಬೇಕು. ತೀವ್ರ ಜ್ವರವಿದ್ದರೆ ಇಳಿಯುವವರೆಗೆ ಕಾಯಬೇಕು. ಫ್ಲೂ ಲಸಿಕೆಯನ್ನು ಅದೇ ದಿನ ಇನ್ನೊಂದು ತೋಳಿಗೆ ಹಾಕಬಹುದು.

ಚುಚ್ಚುವವರ ಕೈಯಲ್ಲೂ ತಪ್ಪಾಗುವುದುಂಟು. ಪಿಸಿವಿ20ರಲ್ಲಿ ಅಲ್ಯುಮಿನಿಯಂ ಫಾಸ್ಫೇಟ್ ಇರುವುದರಿಂದ ನಿಂತ ಸಿರಿಂಜಿನಲ್ಲಿ ಬಿಳಿ ಗಸಿ ತಳಕ್ಕಿಳಿದಿರುತ್ತದೆ. ಒಂದೇ ಸಮನೆ ಬೆಳ್ಳಗಾಗುವವರೆಗೆ ಜೋರಾಗಿ ಅಲುಗಾಡಿಸಬೇಕು. ಅಲುಗಾಡಿಸಿದರೂ ಬೆರೆಯದಿದ್ದರೆ ಅದನ್ನು ಬಿಸಾಡಬೇಕು. ಪಿಪಿಎಸ್‌ವಿ23 ಮಾತ್ರ ತಿಳಿಯಾದ, ಬಣ್ಣವಿಲ್ಲದ ದ್ರವ. ಎರಡನ್ನೂ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು. ಹೆಪ್ಪುಗಟ್ಟಿದರೆ ಕೆಟ್ಟಿತೆಂದೇ ಲೆಕ್ಕ. ಕಾಂಜುಗೇಟ್ ಲಸಿಕೆ ತೋಳಿನ ಮೇಲ್ಭಾಗದ ಸ್ನಾಯುವಿಗೆ ಹೋಗಬೇಕು. ಒಂದೆರಡು ದಿನ ತೋಳು ನೋವು, ಮೈಕೈ ನೋವು, ಸುಸ್ತು ಸಾಮಾನ್ಯ. ಯಾವುದರಲ್ಲೂ ಜೀವಂತ ರೋಗಾಣು ಇಲ್ಲದ ಕಾರಣ ಲಸಿಕೆಯಿಂದಲೇ ನ್ಯುಮೋನಿಯಾ ಬರಲಾರದು. ಪ್ರತಿಕಾಯ ಏರಲು ಎರಡು ಮೂರು ವಾರ ಬೇಕು, ಆ ಅವಧಿಯಲ್ಲಿ ಸೋಂಕು ತಗುಲಿದರೆ ಅದು ಲಸಿಕೆಯ ಸೋಲಲ್ಲ.

ಪದೇ ಪದೇ ಸೋಂಕು ಬರುವವರಲ್ಲಿ ಲಸಿಕೆಗೆ ಇನ್ನೊಂದು ಉಪಯೋಗವಿದೆ: ದೇಹ ಸರಿಯಾಗಿ ಪ್ರತಿಕಾಯ ಮಾಡುತ್ತದೆಯೇ ಎಂದು ಪರೀಕ್ಷಿಸುವುದು. ಅವಸರದಲ್ಲಿ ಅದೇ ಕೈತಪ್ಪುತ್ತದೆ. ಪ್ರತಿ ಸಲವೂ ಎಕ್ಸ್‌ರೇಯಲ್ಲಿ ಒಂದೇ ಜಾಗದಲ್ಲಿ ನ್ಯುಮೋನಿಯಾ ಕಂಡರೆ ಆ ನಾಳಕ್ಕೆ ಗಡ್ಡೆಯೋ ಹೊರಗಿನ ವಸ್ತುವೋ ಅಡ್ಡವಿದೆಯೇ ಎಂದು ಸಿಟಿ ಸ್ಕ್ಯಾನ್, ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಮಾಡಿ ನೋಡುತ್ತಾರೆ. ಬೇರೆ ಬೇರೆ ಜಾಗಗಳಲ್ಲಿ ಕಂಡರೆ ಆಹಾರ ಶ್ವಾಸನಾಳಕ್ಕೆ ಜಾರುತ್ತಿದೆಯೇ, ಪ್ರತಿಕಾಯಗಳೇ ಕಡಿಮೆಯೇ ಎಂಬ ಶಂಕೆ. ಆಗ ರಕ್ತದ ಐಜಿಜಿ, ಐಜಿಎ, ಐಜಿಎಂ ಎಂಬ ಪ್ರತಿಕಾಯ ವರ್ಗಗಳನ್ನು ಅಳೆದು, ಪಿಪಿಎಸ್‌ವಿ23 ಕೊಡುವ ಮೊದಲು ಮತ್ತು ಕೊಟ್ಟ 4ರಿಂದ 8 ವಾರಗಳ ನಂತರ ಒಂದೊಂದು ಬಗೆಯ ಪ್ರತಿಕಾಯವನ್ನೂ ಒಂದೇ ಪ್ರಯೋಗಾಲಯದಲ್ಲಿ ನೋಡುತ್ತಾರೆ. ಮಿಲಿಲೀಟರಿಗೆ 1.3 ಮೈಕ್ರೋಗ್ರಾಂ ಮುಟ್ಟಿದ ಬಗೆಗಳು ಪರೀಕ್ಷಿಸಿದವುಗಳಲ್ಲಿ 70 ಶೇಕಡಾ ಇದ್ದರೆ ವಯಸ್ಕರಲ್ಲಿ ಸ್ಪಂದನೆ ಸರಿಯಿದೆ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಈ ಪರೀಕ್ಷೆಗೆ ಸಕ್ಕರೆ ಲಸಿಕೆಯೇ ಬೇಕು. ಪಿಸಿವಿ20 ಮೊದಲೇ ಕೊಟ್ಟುಬಿಟ್ಟರೆ ಬಹುತೇಕ ಬಗೆಗಳಿಗೆ ಟಿ ಕಣಗಳ ನೆರವಿನಿಂದ ಪ್ರತಿಕಾಯ ಏರಿರುತ್ತದೆ, ಬರೀ ಸಕ್ಕರೆಗೆ ದೇಹ ಹೇಗೆ ಸ್ಪಂದಿಸುತ್ತದೆಂದು ಅಳೆಯಲು ಉಳಿಯುವ ಬಗೆಗಳು ಬೆರಳೆಣಿಕೆಯಷ್ಟು. ರೋಗನಿರೋಧಕ ಕೊರತೆಯ ಶಂಕೆ ಇದ್ದರೆ ಮೊದಲು ರಕ್ತ ತೆಗೆದು, ಯಾವ ಲಸಿಕೆ ಮುಂದೆ, ಯಾವುದು ಹಿಂದೆ ಎಂದು ತಜ್ಞರೊಂದಿಗೆ ತೀರ್ಮಾನಿಸುವುದು ಒಳ್ಳೆಯದು.

ಸ್ಪಂದನೆ ಕೊರತೆ ಖಚಿತವಾದರೆ ಕಾಂಜುಗೇಟ್ ಲಸಿಕೆ, ತಡೆಗಾಗಿ ಆಂಟಿಬಯೋಟಿಕ್, ಅದಕ್ಕೂ ಬಗ್ಗದಿದ್ದರೆ ದಾನಿಗಳ ರಕ್ತದ್ರವದಿಂದ ತೆಗೆದ ಇಮ್ಯುನೊಗ್ಲಾಬ್ಯುಲಿನ್ ಎಂಬ ಕ್ರಮವಿದೆ. ಆ ಇಮ್ಯುನೊಗ್ಲಾಬ್ಯುಲಿನ್‌ನಲ್ಲಿ ಸಾವಿರಾರು ದಾನಿಗಳ ನ್ಯುಮೋಕಾಕಸ್ ಪ್ರತಿಕಾಯಗಳೂ ಬೆರೆತಿರುತ್ತವೆ. ಅದು ಶುರುವಾದ ಮೇಲೆ ರೋಗಿಯ ರಕ್ತ ಪರೀಕ್ಷಿಸಿದರೆ ಕಾಣುವುದು ದಾನಿಗಳ ಅಂಕಿಗಳು. ಆದ್ದರಿಂದ ಲಸಿಕೆಯ ಮುಂಚಿನ ಮತ್ತು ನಂತರದ ಎರಡೂ ಪರೀಕ್ಷೆಗಳು ಮೊದಲ ಡ್ರಿಪ್ ಏರಿಸುವುದಕ್ಕೆ ಮುಂಚೆಯೇ ಮುಗಿದಿರಬೇಕು.