ಸೆಲ್ಫ್ ತಗೊಳ್ಳದ ಬೆಳಿಗ್ಗೆ

ಬೆಂಗಳೂರಿನ ಡಿಸೆಂಬರ್, ಬೆಳಿಗ್ಗೆ ಆರೂವರೆ. ಕೀ ತಿರುಗಿಸಿದರೆ ಎಂಜಿನ್ ಸದ್ದಿಲ್ಲ. ಬಾನೆಟ್ ಒಳಗಿಂದ ಬರೀ ‘ಟಕ್ ಟಕ್ ಟಕ್’. ಪ್ರತಿ ಟಕ್‌ಗೂ ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿ ಮತ್ತೆ ಬೆಳಗುತ್ತಿದ್ದವು. ಫೋನ್ ಮಾಡಿದ್ದಕ್ಕೆ ಬ್ಯಾಟರಿ ಅಂಗಡಿಯ ಹುಡುಗ ಬಂದ. ಬ್ಯಾಟರಿ ಮೇಲಿನ ತಾರೀಖು ನೋಡಿ, “ಮೂರೂವರೆ ವರ್ಷ ಆಗಿದೆ ಸರ್. ಇದರ ಕಥೆ ಮುಗೀತು, ಹೊಸದು ಹಾಕಿಸ್ಬಿಡಿ” ಅಂದ. ತಾರೀಖು ಬಿಟ್ಟು ಬೇರೇನನ್ನೂ ಅವನು ನೋಡಲಿಲ್ಲ.

ಎಸ್.ಪಿ. ರೋಡಿನಲ್ಲಿ ಯಾವತ್ತೋ ಕೊಂಡಿದ್ದ ಅಗ್ಗದ ಮಲ್ಟಿಮೀಟರ್ ಮನೆಯಲ್ಲಿತ್ತು. ಕೆಂಪು ಕಡ್ಡಿಯನ್ನು ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಮುಟ್ಟಿಸಿದೆ: 11.9 ವೋಲ್ಟ್. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ 11.9 ಇದೆಯಲ್ಲ, ಹೆಚ್ಚೇನೂ ಕಮ್ಮಿಯಾಗಿಲ್ಲ ಅನ್ನಿಸುತ್ತದೆ. ಆದರೆ ಈ ಲೆಕ್ಕ ಸೊನ್ನೆಯಿಂದ ಶುರುವಾಗುವುದಿಲ್ಲ. ಒಳಗಿರುವುದು ತಲಾ 2.1 ವೋಲ್ಟಿನ ಆರು ಸೆಲ್‌ಗಳು, ಹಾಗಾಗಿ ಪೂರ್ತಿ ತುಂಬಿದ ಬ್ಯಾಟರಿ ತೋರಿಸುವುದು 12.6. ಅರ್ಧಕ್ಕಿಳಿದಾಗ 12.2 ಆಸುಪಾಸು. 12.0ಕ್ಕೆ ಬಂದರೆ ಉಳಿದಿರುವುದು ಕಾಲು ಭಾಗ ಮಾತ್ರ. 11.9 ಅಂದರೆ ತಳ ಕಾಣುತ್ತಿದೆ.

ಖಾಲಿಯಾದದ್ದು ಹೇಗೆ? ಡಿಕ್ಕಿ ತೆರೆಯಲು ಹೋದಾಗ ಗೊತ್ತಾಯಿತು. ಊರಿಂದ ತಂದ ತೆಂಗಿನಕಾಯಿ ಚೀಲ ಅಡ್ಡ ಬಂದು ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಒಳಗಿನ ಪುಟ್ಟ ಬಲ್ಬು ಮೂರು ದಿನದಿಂದ ಉರಿಯುತ್ತಿತ್ತು. 5 ವಾಟ್ ಬಲ್ಬು ಎಳೆಯುವುದು 0.4 ಆಂಪಿಯರ್. 72 ಗಂಟೆಗೆ ಹತ್ತಿರ ಹತ್ತಿರ 30 ಆಂಪಿಯರ್-ಅವರ್. ನನ್ನ ಬ್ಯಾಟರಿಯ ಒಟ್ಟು ಬಂಡವಾಳವೇ 35! ಪಕ್ಕದ ಮನೆಯವರ ಚಾರ್ಜರ್ ತಂದು ರಾತ್ರಿಯೆಲ್ಲ ಚಾರ್ಜ್ ಮಾಡಿ, ಒಂದು ದಿನ ಸುಮ್ಮನೆ ಬಿಟ್ಟು ನೋಡಿದರೆ 12.6. ಸೆಲ್ಫ್ ಹೊಡೆದಾಗಲೂ 10.6ಕ್ಕಿಂತ ಕೆಳಗಿಳಿಯಲಿಲ್ಲ. ಸತ್ತಿದೆ ಎಂದು ಹೇಳಿಸಿಕೊಂಡ ಆ ಬ್ಯಾಟರಿ ಇನ್ನೂ ಒಂದೂವರೆ ವರ್ಷ ದುಡಿಯಿತು.

ನಮ್ಮ ಗೊಂದಲವೆಲ್ಲ ಇರುವುದು ಇಲ್ಲೇ. ಕೆರೆ ಬತ್ತುವುದು ಬೇರೆ, ಕೆರೆಯಲ್ಲಿ ಹೂಳು ತುಂಬುವುದು ಬೇರೆ. ಬತ್ತಿದ್ದರೆ ಮಳೆ ಸಾಕು. ಹೂಳು ತುಂಬಿದ್ದರೆ ಮಳೆ ಬಂದಾಗ ನೀರಿನ ಮಟ್ಟವೇನೋ ಮೇಲೇರುತ್ತದೆ, ದಡದಲ್ಲಿ ನಿಂತವರಿಗೆ ಕೆರೆ ತುಂಬಿದಂತೆಯೇ ಕಾಣುತ್ತದೆ, ಆದರೆ ಒಂದು ಗದ್ದೆಗೂ ನೀರು ಸಾಲುವುದಿಲ್ಲ. ನಿಂತ ಕಾರಿನಲ್ಲಿ ಮೀಟರು ತೋರಿಸುವ ವೋಲ್ಟೇಜು ನೀರಿನ ಮಟ್ಟ ಮಾತ್ರ. ಹೂಳಿನ ಸುದ್ದಿ ಅದಕ್ಕೆ ಗೊತ್ತಿಲ್ಲ.

ಈ ಹೂಳು ಏನೆಂದು ತಿಳಿಯಲು ಒಳಗೆ ಇಣುಕಬೇಕು. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿದ ಸೀಸ-ಆಸಿಡ್ ಬ್ಯಾಟರಿಯ ಮೂಲ ಉಪಾಯ ಇವತ್ತಿಗೂ ಬದಲಾಗಿಲ್ಲ. ಒಂದು ಪ್ಲೇಟಿನ ಮೇಲೆ ಚಾಕೊಲೇಟ್ ಬಣ್ಣದ ಸೀಸದ ಡೈಆಕ್ಸೈಡ್, ಇನ್ನೊಂದರಲ್ಲಿ ಸ್ಪಂಜಿನಂಥ ಬೂದು ಸೀಸ, ನಡುವೆ ಸಲ್ಫ್ಯೂರಿಕ್ ಆಸಿಡ್. ಕರೆಂಟು ಕೊಡುತ್ತಾ ಹೋದಂತೆ ಎರಡೂ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟಿನ ಹರಳುಗಳು ಕೂರುತ್ತವೆ, ಆಸಿಡ್ ನೀರಾಗುತ್ತಾ ಬರುತ್ತದೆ. ಚಾರ್ಜ್ ಮಾಡಿದಾಗ ಎಲ್ಲ ವಾಪಸು. ಹೊಸದಾಗಿ ಕೂತ ಹರಳುಗಳು ಸಕ್ಕರೆ ಪುಡಿಯ ಹಾಗೆ, ಬೇಗ ಕರಗುತ್ತವೆ. ಬ್ಯಾಟರಿಯನ್ನು ಖಾಲಿಯಾಗಿಯೇ ವಾರಗಟ್ಟಲೆ ಬಿಟ್ಟರೆ ಸಣ್ಣ ಹರಳುಗಳು ಸೇರಿ ಕಲ್ಲುಸಕ್ಕರೆಯಾಗುತ್ತವೆ. ಅವು ಚಾರ್ಜರಿಗೆ ಜಗ್ಗುವುದಿಲ್ಲ, ಪ್ಲೇಟಿನ ಜಾಗವನ್ನೂ ಬಿಟ್ಟುಕೊಡುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ತಿಂಗಳುಗಟ್ಟಲೆ ನಿಂತ ಕಾರುಗಳನ್ನು ನೆನಪಿಸಿಕೊಳ್ಳಿ. ಬೀಗ ಹಾಕಿ ನಿಲ್ಲಿಸಿದ ಕಾರಿನಲ್ಲೂ ಗಡಿಯಾರ, ಅಲಾರ್ಮು, ಕಂಪ್ಯೂಟರು ಎಂದು ಒಂದಿಷ್ಟು ಮಿಲಿಆಂಪಿಯರ್ ಸೋರುತ್ತಲೇ ಇರುತ್ತದೆ. 40 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ 35 ಆಂಪಿಯರ್-ಅವರಿನ ಬ್ಯಾಟರಿ ಮುಗಿಯಲು 36 ದಿನ ಸಾಕು.

ಬ್ಯಾಟರಿ ಮಾತು ಬಂದಾಗಲೆಲ್ಲ ನಾನು ಇನ್ನೊಂದು ವಿಷಯ ಹೇಳದೆ ಬಿಡುವುದಿಲ್ಲ. ಸೀಸದ ಪರಮಾಣುವಿನ ನಡುವೆ 82 ಪ್ರೋಟಾನುಗಳಿವೆ. ಅವುಗಳ ಸೆಳೆತಕ್ಕೆ ತೀರಾ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಅರ್ಧಕ್ಕಿಂತ ಜೋರಾಗಿ ಓಡುತ್ತವೆ. ಆ ವೇಗದಲ್ಲಿ ಐನ್‌ಸ್ಟೈನರ ಸಾಪೇಕ್ಷತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ರಾಜೀವ್ ಅಹುಜಾ, ಫಿನ್ಲೆಂಡಿನ ಪೆಕ್ಕಾ ಪ್ಯುಕ್ಕೊ ಮತ್ತು ಸಂಗಡಿಗರು 2011ರಲ್ಲಿ ಈ ಲೆಕ್ಕ ಹಾಕಿದರು: ಒಂದು ಸೆಲ್ಲಿನ 2.1 ವೋಲ್ಟಿನಲ್ಲಿ 1.7ರಿಂದ 1.8 ವೋಲ್ಟು ಸಾಪೇಕ್ಷತೆಯ ಪರಿಣಾಮ! ಸೀಸದ ಅಣ್ಣನಂತಿರುವ ತವರದಿಂದ ಇಂಥ ಬ್ಯಾಟರಿ ಮಾಡಲು ಆಗದಿರುವುದಕ್ಕೂ ಅವರ ಲೆಕ್ಕದಲ್ಲಿ ಇದೇ ಉತ್ತರ. ಇಷ್ಟೆಲ್ಲ ನಡೆಯುತ್ತಿರುವ ಡಬ್ಬಕ್ಕೆ ನಾವು ವರ್ಷಕ್ಕೊಮ್ಮೆ ಬಟ್ಟೆಯಲ್ಲಿ ಒರೆಸುವ ಮರ್ಯಾದೆಯನ್ನೂ ಕೊಡುವುದಿಲ್ಲ.

ಇರಲಿ. ಹೂಳನ್ನು ಅಳೆಯುವುದು ಹೇಗೆ? ತೂಬು ಎತ್ತಿ ನೋಡಬೇಕು, ಅಂದರೆ ಕೆಲಸಕ್ಕೆ ಹಚ್ಚಿ ನೋಡಬೇಕು. ಆದರೆ ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಖಾಲಿ ಬ್ಯಾಟರಿಯ ಮೇಲೆ ತೀರ್ಪು ಕೊಡುವುದು ಉಪವಾಸ ಇರುವವನನ್ನು ಓಟಕ್ಕೆ ನಿಲ್ಲಿಸಿದಂತೆ. ಚಾರ್ಜರಿನಿಂದ ತೆಗೆದ ಕೂಡಲೇ, ಅಥವಾ ಕಾರು ಓಡಿಸಿ ಬಂದ ಕೂಡಲೇ ಅಳೆಯಬಾರದು. ಆಗ ಪ್ಲೇಟುಗಳ ಮೇಲ್ಮೈಯಲ್ಲಿ ನೊರೆಯ ಹಾಗೆ ನಿಂತ ಚಾರ್ಜು 12.9, 13 ಎಂದು ಸುಳ್ಳು ಹೇಳುತ್ತದೆ. ರಾತ್ರಿಯೆಲ್ಲ ಹಾಗೇ ಬಿಟ್ಟು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅಳೆಯಿರಿ. ಆಮೇಲೆ ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಮೀಟರಿನ ಮೇಲೆ ಕಣ್ಣಿಟ್ಟಿರಲಿ. 10 ವೋಲ್ಟಿನ ಮೇಲೇ ನಿಂತರೆ ನೆಮ್ಮದಿ. 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ಶಕ್ತಿಯಿಲ್ಲ ಎಂದೇ ನನ್ನ ಅನುಮಾನ.

ಕುಸಿಯುವುದು ಯಾಕೆಂದರೆ ಹೈಸ್ಕೂಲಿನ ಓಮ್ ನಿಯಮ. ಸಣ್ಣ ಕಾರಿನ ಸ್ಟಾರ್ಟರ್ ಮೋಟರ್ 150 ಆಂಪಿಯರ್ ಎಳೆಯಿತು ಎಂದುಕೊಳ್ಳಿ. ಬ್ಯಾಟರಿಯ ಒಳಗಿನ ರೋಧ 10 ಮಿಲಿಓಮ್ ಇದ್ದರೆ 1.5 ವೋಲ್ಟು ಒಳಗೇ ಕಳೆದುಹೋಗುತ್ತದೆ, ಉಳಿದ 11.1 ಮೋಟರಿಗೆ ಧಾರಾಳ. ಕಲ್ಲುಸಕ್ಕರೆ ಕಟ್ಟಿ ರೋಧ 25ಕ್ಕೇರಿದರೆ ನಷ್ಟ 3.75 ವೋಲ್ಟು, ಉಳಿಯುವುದು 9ಕ್ಕೂ ಕಮ್ಮಿ. ಆ ‘ಟಕ್ ಟಕ್’ ಸದ್ದೂ ಇದರದೇ ಆಟ: ಸ್ಟಾರ್ಟರಿನ ಸ್ವಿಚ್ಚು ಕೂತ ಕೂಡಲೇ ವೋಲ್ಟೇಜ್ ಬಿದ್ದು ಹಿಡಿತ ತಪ್ಪುತ್ತದೆ, ತಪ್ಪಿದ ಕೂಡಲೇ ವೋಲ್ಟೇಜ್ ಏರಿ ಮತ್ತೆ ಕೂರುತ್ತದೆ.

ಎಷ್ಟು ಚಾರ್ಜ್ ಮಾಡಿದರೂ ಮೀಟರು 10.5ರ ಹತ್ತಿರವೇ ನಿಂತರೆ ಯೋಚಿಸುವ ಅಗತ್ಯವೂ ಇಲ್ಲ. 12.6ರಲ್ಲಿ 2.1 ಕಳೆಯಿರಿ: ಆರರಲ್ಲಿ ಒಂದು ಸೆಲ್ ಹೋಗಿದೆ. ಪ್ಲೇಟಿನಿಂದ ಉದುರಿದ ಪುಡಿ ತಳದಲ್ಲಿ ಕೂತು ಶಾರ್ಟ್ ಆಗಿರುತ್ತದೆ, ಇದಕ್ಕೆ ಮದ್ದಿಲ್ಲ. ಕೆಲವು ಬ್ಯಾಟರಿಗಳ ನೆತ್ತಿಯ ಮೇಲೆ ಹಸಿರು ತೋರಿಸುವ ಪುಟ್ಟ ಕಣ್ಣಿರುತ್ತದೆ, ಅದನ್ನೇ ನಂಬಿ ಕೂರಬೇಡಿ. ಅದು ನೋಡುವುದು ಒಂದೇ ಒಂದು ಸೆಲ್ಲನ್ನು.

ಹೊಸ ಬ್ಯಾಟರಿಗೆ ದುಡ್ಡು ತೆರುವ ಮುನ್ನ ಇನ್ನಿಬ್ಬರು ಆರೋಪಿಗಳನ್ನೂ ವಿಚಾರಿಸಿಕೊಳ್ಳಿ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಕರೆಂಟಿಗೆ ಅಲ್ಲೇ ತಡೆ. ಕ್ಲಾಂಪ್ ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಹಳೇ ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ. (ಬಿಚ್ಚುವಾಗ ಮೊದಲು ಮೈನಸ್. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಬಾಡಿಗೆ ತಗುಲಿದರೂ ಆಗ ಕಿಡಿ ಹಾರದು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಅಲ್ಲಿ ಬೀಡಿ, ಬೆಂಕಿಕಡ್ಡಿ ಯಾವುದೂ ಬೇಡ.) ಎರಡನೆಯದು ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಯಂತ್ರ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತುದಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟು ಇರಬೇಕು. ಆಗಲೂ 12.3 ಎಂದೇ ತೋರಿಸುತ್ತಿದ್ದರೆ ಬ್ಯಾಟರಿ ಬದಲಾಯಿಸಿ ಪ್ರಯೋಜನವಿಲ್ಲ, ಹೊಸದೂ ಎರಡು ದಿನಕ್ಕೆ ಮಲಗುತ್ತದೆ.

ಚಳಿಗಾಲದಲ್ಲಿ ಕೈಕೊಟ್ಟಿತು ಎಂದು ಚಳಿಯನ್ನು ಬೈಯುತ್ತೇವಲ್ಲ, ಅದೂ ಅರ್ಧ ಸತ್ಯ. ರಾಸಾಯನಿಕ ಕ್ರಿಯೆಗಳ ವೇಗ ಪ್ರತಿ 10 ಡಿಗ್ರಿಗೆ ಸುಮಾರು ಎರಡು ಪಟ್ಟಾಗುತ್ತದೆ. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ನಿಂತ ಕಾರಿನ ಬಾನೆಟ್ ಕೆಳಗೆ ಪ್ಲಸ್ ಪ್ಲೇಟಿನ ಸೀಸದ ಜಾಲರಿ ಸದ್ದಿಲ್ಲದೆ ಸವೆಯುತ್ತಿರುತ್ತದೆ, ಆಸಿಡ್‌ನ ನೀರು ಆರುತ್ತಿರುತ್ತದೆ. ಬಿಸಿಗೆ ಎಂಜಿನ್ ಆಯಿಲ್ ತೆಳುವಾಗಿರುವುದರಿಂದ ಆಗ ಗೊತ್ತಾಗುವುದಿಲ್ಲ. ಡಿಸೆಂಬರಿನಲ್ಲಿ ಆಯಿಲ್ ಗಟ್ಟಿಯಾಗಿ, ಬ್ಯಾಟರಿಯೂ ಮಂದವಾದಾಗ ಬೇಸಿಗೆಯ ಸಾಲ ವಸೂಲಿಗೆ ಬರುತ್ತದೆ.

ನನ್ನ ಬ್ಯಾಟರಿಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ. ಅದಕ್ಕೆ ಐದು ವರ್ಷ ತುಂಬಿದ ಬೇಸಿಗೆಯಲ್ಲಿ ಮತ್ತೆ ಅದೇ ಟಕ್ ಟಕ್. ಡಿಕ್ಕಿಯ ದೀಪ ಆರಿತ್ತು, ಟರ್ಮಿನಲ್ ಶುದ್ಧ, ಆಲ್ಟರ್ನೇಟರ್ ಸರಿಯಿತ್ತು. ಪಕ್ಕದ ಮನೆಯ ಚಾರ್ಜರನ್ನೇ ತಂದು ಹಾಕಿದೆ. ಹಿಂದಿನ ಸಲ ರಾತ್ರಿಯೆಲ್ಲ ಕುಡಿದ ಬ್ಯಾಟರಿ ಈ ಸಲ ಒಂದೂವರೆ ಗಂಟೆಗೇ ‘ಫುಲ್’ ಎಂದು ಹಸಿರು ದೀಪ ತೋರಿಸಿತು. ನನಗೆ ಅಲ್ಲೇ ಅರ್ಥವಾಯಿತು: ಹೂಳು ತುಂಬಿದ ಕೆರೆ ಮೊದಲ ಮಳೆಗೇ ಕೋಡಿ ಬೀಳುತ್ತದೆ. ಆದರೂ ಬೆಳಗಿನವರೆಗೆ ಕಾದೆ. ಮೀಟರು 12.5 ಎಂದಿತು. ಮಗಳಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಅಂಕಿ 11, 9.8 ಎಂದು ಜಾರಿ 8.7ರಲ್ಲಿ ನಿಂತಿತು, ಎಂಜಿನ್ ಒಮ್ಮೆ ಮುಲುಗಿ ಸುಮ್ಮನಾಯಿತು.

ಫೋನ್ ಮಾಡಿದೆ. ಅದೇ ಹುಡುಗ ಬಂದ. ಹಳೆಯದನ್ನು ಎತ್ತಿ ತನ್ನ ಗಾಡಿಗಿಟ್ಟ. ಒಳಗಿನ ಸೀಸ ಕರಗಿ ಮತ್ತೊಂದು ಬ್ಯಾಟರಿಯಾಗುವುದರಿಂದ ಸತ್ತದ್ದಕ್ಕೂ ಬೆಲೆಯಿದೆ, ಅದನ್ನು ಬಿಲ್ಲಿನಲ್ಲಿ ಕಳೆದ. ಹೊಸದರ ಕ್ಲಾಂಪ್ ಬಿಗಿಮಾಡುತ್ತಾ, “ನಾನು ಅವತ್ತೇ ಹೇಳಿದ್ನಲ್ಲ ಸರ್” ಅಂದ.