ಯಾರು ಏನು ಹೇಳಿದರು ಅಂತ ಕೇಳಬೇಡಿ

ಉದ್ಯೋಗ ಮನಃಶಾಸ್ತ್ರ ಅಂದರೆ ಕೆಲಸದ ಜಾಗದಲ್ಲಿ ಜನರ ಮನಸ್ಸು, ನಡವಳಿಕೆ ನೋಡುವ ವಿದ್ಯೆ. ಅದರ ತರಬೇತಿಗೆ ನನ್ನ ಬಳಿ ಬರುವ ಹುಡುಗ ಹುಡುಗಿಯರು ಬುದ್ಧಿವಂತರು. ಟೆಸ್ಟ್ ಕೊಡಲು ಗೊತ್ತು, ಲೆಕ್ಕ ಹಾಕಲು ಗೊತ್ತು, ಲ್ಯಾಪ್‌ಟಾಪಿನಲ್ಲಿ ಚಂದದ ಗ್ರಾಫ್ ಮಾಡಲು ಗೊತ್ತು. ಆದರೆ ಒಂದು ಸಂಸ್ಥೆಯ ಕೆಲಸದವರ ಜೊತೆ ಮಾತಾಡಿ ಹೊರಬಂದಾಗ ಮಾಲಕರು ಕ್ಯಾಬಿನ್ನಿಗೆ ಕರೆದು "ಒಳಗೆ ಅವನು ನನ್ನ ಬಗ್ಗೆ ಏನು ಹೇಳಿದ?" ಅಂತ ಕೇಳಿದ ಕೂಡಲೇ ತಬ್ಬಿಬ್ಬಾಗುತ್ತಾರೆ. ಕೇಳುವವರಿಗಾದರೂ ಅದು ಕೇಳಬಾರದ ಪ್ರಶ್ನೆ ಅಂತ ಅನಿಸುವುದಿಲ್ಲ. ದುಡ್ಡು ಕೊಟ್ಟು ಕರೆಸಿದ್ದು ನಾವು, ಕೇಳಿದರೆ ಏನು ತಪ್ಪು ಅಂತ ಅವರ ಲೆಕ್ಕ.

ಕಾಸರಗೋಡಿನ ಕಡೆ ಈ ಕೆಲಸ ಮಾಡುವಾಗ ನನ್ನ ತಾಳ್ಮೆ ಕೆಡಿಸುವ ಪ್ರಶ್ನೆ ಇದೊಂದೇ. ಅದಕ್ಕೇ ಇವತ್ತು ಇದನ್ನೇ ಉದ್ದಕ್ಕೆ ಬರೆಯುತ್ತೇನೆ. ನೇಮಕಾತಿ, ಟೆಸ್ಟ್, ತರಬೇತಿ ಇವೆಲ್ಲ ಇನ್ನೊಮ್ಮೆ ನೋಡೋಣ.

ಬ್ರಿಟನ್‌ನಲ್ಲಿ ನಮ್ಮ ಈ ವೃತ್ತಿಯ ಹೆಸರನ್ನು ಸುಮ್ನೆ ಬೋರ್ಡಿಗೆ ಹಾಕಿಕೊಳ್ಳುವ ಹಾಗಿಲ್ಲ. 2009ರಿಂದ ಆ ಹೆಸರಿಗೆ ಕಾನೂನಿನ ಕಾವಲಿದೆ. ಎಂಎಸ್ಸಿ ಮುಗಿಸಿ, ಹಿರಿಯರೊಬ್ಬರ ಕೈಕೆಳಗೆ ಕೆಲಸ ಮಾಡಿ, ಮಾಡಿದ್ದಕ್ಕೆಲ್ಲ ದಾಖಲೆ ತೋರಿಸಿದ ಮೇಲೆಯೇ ಆ ಹೆಸರು. ಅಲ್ಲಿನ ಮನಃಶಾಸ್ತ್ರಜ್ಞರ ಸಂಘವಾದ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿ ಈ ವೃತ್ತಿಗೆ ಐದು ಕ್ಷೇತ್ರಗಳನ್ನು ಹೇಳುತ್ತದೆ. ಜನರ ಸಾಮರ್ಥ್ಯ ಅಳೆಯುವುದು, ಕಲಿಕೆ ಮತ್ತು ತರಬೇತಿ, ನಾಯಕತ್ವ ಮತ್ತು ಹುರುಪು, ಕೆಲಸದ ಜಾಗದ ಕ್ಷೇಮ, ಕೆಲಸವನ್ನು ಜೋಡಿಸುವ ಬಗೆ ಮತ್ತು ಸಂಸ್ಥೆಯ ಬದಲಾವಣೆ. ಇದರ ಜೊತೆಗೆ ಒಂದು ಕೆಲಸವನ್ನು ಒಪ್ಪಂದದಿಂದ ಹಿಡಿದು, ಫಲ ಸಿಕ್ಕಿತೋ ಇಲ್ಲವೋ ಅಂತ ಅಳೆಯುವ ತನಕ ಪೂರ್ತಿ ನಡೆಸಲು ಬರಬೇಕು. ನಮ್ಮ ಮಕ್ಕಳು ಐದೂ ಕ್ಷೇತ್ರವನ್ನು ಬಾಯಿಪಾಠ ಒಪ್ಪಿಸುತ್ತಾರೆ. ಆ ಮೊದಲ ಹೆಜ್ಜೆಯ ಒಪ್ಪಂದವನ್ನು ಮಾತ್ರ ಆಫೀಸಿನವರ ಕಾಗದದ ಕೆಲಸ ಅಂದುಕೊಳ್ಳುತ್ತಾರೆ.

ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಕಂಪೆನಿ, ಬ್ಯಾಂಕು, ಕಾರ್ಖಾನೆಗಳಲ್ಲಿ ಕೆಲಸ ಮಾಡುವ ನಮ್ಮನ್ನು ಆ ಮಂಡಳಿ ನೋಂದಾಯಿಸುವುದಿಲ್ಲ. ಹಾಗಾಗಿ ನಮ್ಮ ಟ್ರೈನಿಗಳನ್ನು ಹದ್ದುಬಸ್ತಿನಲ್ಲಿ ಇಡುವುದು ಹೆಚ್ಚಾಗಿ ಅವರಿಗೆ ಕಲಿಸುವವರ ಹೊಣೆ. ಬಿಗಿಯಾಗಿ ಮಾತಾಡುತ್ತೇನೆ ಅಂತ ಕೆಲವರು ದೂರುತ್ತಾರೆ. ಮಾತಾಡಲೇಬೇಕು, ಬೇರೆ ದಾರಿ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

ಒಬ್ಬ ಕೆಲಸದವರನ್ನು ಮಾತಿಗೆ ಕೂರಿಸುವ ಮೊದಲೇ ಮೂರು ವಿಷಯ ಇತ್ಯರ್ಥ ಆಗಿರಬೇಕು. ಅವರು ಹೇಳಿದ್ದು ಯಾರ ಕಿವಿಗೆ ಹೋಗುತ್ತದೆ? ಯಾವ ರೂಪದಲ್ಲಿ ಹೋಗುತ್ತದೆ? ಯಾವುದು ಹೋಗುವುದೇ ಇಲ್ಲ? ಇದನ್ನು ಮಾಲಕರ ಹತ್ತಿರವೂ ಕೆಲಸದವರ ಹತ್ತಿರವೂ ಒಂದೇ ಮಾತಿನಲ್ಲಿ ಹೇಳಬೇಕು. ಬರೆದೂ ಕೊಡಬೇಕು. ಮಾಲಕರಿಗೆ "ಎಲ್ಲ ತಿಳಿಸುತ್ತೇವೆ ಸರ್" ಅಂತ, ಕೆಲಸದವರಿಗೆ "ಯಾರಿಗೂ ಹೇಳುವುದಿಲ್ಲ ಅಕ್ಕ" ಅಂತ ಎರಡು ಮಾತು ಆಡಿದರೆ ಇಬ್ಬರಲ್ಲಿ ಒಬ್ಬರಿಗೆ ಮೋಸ ಆಗುತ್ತದೆ. ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಸಂಬಳಕ್ಕೆ ಕೈ ಒಡ್ಡುವವರಿಗೇ.

ದೊಡ್ಡ ಪಟ್ಟಣದಲ್ಲಾದರೆ ಸಲಹೆಗಾರರು ಸಂಜೆ ಕಾರು ಹತ್ತಿ ಹೋಗುತ್ತಾರೆ. ಆಮೇಲೆ ಯಾರೂ ಎದುರು ಸಿಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಹೊಸಂಗಡಿಯಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಯೊಳಗೆ ಬದಿಯಡ್ಕ ಮುಟ್ಟುತ್ತದೆ. ಟ್ರೈನಿಯ ಮನೆ ಪೆರ್ಲದಲ್ಲಿ, ಮ್ಯಾನೇಜರ್ ಅವಳ ದೊಡ್ಡಮ್ಮನ ಕಡೆಯವರು, ಕೌಂಟರಿನಲ್ಲಿ ಕೂತ ಹುಡುಗ ಅವಳ ಜೊತೆ ಶಾಲೆಗೆ ಹೋದವನು. ಪರಿಚಯದವರು ಇರುವ ಕಡೆ ಹೋಗುವುದೇ ಬೇಡ ಅಂದರೆ ಈ ಜಿಲ್ಲೆಯಲ್ಲಿ ಕೆಲಸ ಮಾಡಲು ಜಾಗವೇ ಸಿಗದು. ಅದಕ್ಕೆ ನಾನು ಹೇಳುವುದು ಇಷ್ಟು. ನೆಂಟಸ್ತಿಕೆ ಇದ್ದರೆ ಮೊದಲೇ ಬಾಯಿಬಿಟ್ಟು ಹೇಳಿ. ಆ ವ್ಯಕ್ತಿಯ ಜೊತೆಗಿನ ಮಾತುಕತೆಯನ್ನು ಇನ್ನೊಬ್ಬ ಟ್ರೈನಿಗೆ ಬಿಡಿ.

ಒಂದು ಘಟನೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಅಲ್ಲಲ್ಲಿ ಬದಲಾಯಿಸಿದ್ದೇನೆ. ಒಂದು ಸಂಸ್ಥೆಯಲ್ಲಿ ಎರಡು ವಿಭಾಗ, ಪ್ಯಾಕಿಂಗ್ ಮತ್ತು ಗೋಡೌನ್. ಟ್ರೈನಿ ಎರಡೂ ಕಡೆಯವರ ಜೊತೆ ಮಾತಾಡಿದ್ದಳು. ಭಾನುವಾರ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಅದೇ ಸಂಸ್ಥೆಯ ಮ್ಯಾನೇಜರ್ ಬಂದು ಕೂತರು. ದೂರದ ಸಂಬಂಧದಲ್ಲಿ ಮಾವ. "ಏನು ಮಗಳೇ, ಪ್ಯಾಕಿಂಗಿನವರು ಭಾರಿ ದೂರು ಹೇಳಿದ್ದಾರಂತೆ?" ಅಂತ ಕೇಳಿದರು. ಅವಳು ಸಮಾಧಾನ ಮಾಡುವ ಅಂತ, "ಇಲ್ಲ ಮಾವ, ಪ್ಯಾಕಿಂಗಿನಲ್ಲಿ ಅಂಥದ್ದೇನೂ ಇಲ್ಲ" ಅಂದಳು.

ಅವಳ ಪ್ರಕಾರ ಅವಳು ಏನೂ ಹೇಳಲಿಲ್ಲ. ಆದರೆ ಮ್ಯಾನೇಜರಿಗೆ ಬೇಕಾದದ್ದು ಸಿಕ್ಕಿತು. ಪ್ಯಾಕಿಂಗಿನಲ್ಲಿ ಇಲ್ಲ ಅಂದರೆ ಗೋಡೌನಿನಲ್ಲಿ ಇದೆ. ಸೋಮವಾರ ಗೋಡೌನಿನವರನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಿದರು. ಆಮೇಲೆ ಅಲ್ಲಿ ನಮ್ಮ ಜೊತೆ ಯಾರೂ ಬಾಯಿ ಬಿಡಲಿಲ್ಲ. ಆ ಹುಡುಗಿ ಒಳ್ಳೆಯವಳು, ಬಹಳ ಅತ್ತಳು. ಅವಳನ್ನು ಬೈಯುವ ಮನಸ್ಸು ನನಗೆ ಬರಲಿಲ್ಲ. ಮ್ಯಾನೇಜರ ಮೇಲೆ ಮಾತ್ರ ಇವತ್ತಿಗೂ ಸಿಟ್ಟಿದೆ. ಊಟಕ್ಕೆ ಕೂತ ಮಗುವಿನ ಬಾಯಿಂದ ಹಾಗೆ ವಿಷಯ ಎಳೆಯುತ್ತಾರಾ?

ಇದಕ್ಕೆ ಉತ್ತರ ಒಂದೇ. ಹೌದು ಅನ್ನಬಾರದು, ಇಲ್ಲ ಅಂತಲೂ ಅನ್ನಬಾರದು. "ರಿಪೋರ್ಟ್ ಬರುವ ಮೊದಲು ಯಾವ ವಿಭಾಗದ ಬಗ್ಗೆಯೂ ಮಾತಾಡುವುದಿಲ್ಲ ಮಾವ" ಅನ್ನಬೇಕು. ದೂರು ಇದ್ದಾಗಲೂ ಅದೇ ಮಾತು, ಇಲ್ಲದಾಗಲೂ ಅದೇ ಮಾತು. ಏನೂ ಇಲ್ಲದಾಗ "ಇಲ್ಲ" ಅಂದು, ಇದ್ದಾಗ ಮಾತ್ರ "ಹೇಳುವ ಹಾಗಿಲ್ಲ" ಅಂದರೆ ಆ ಮೌನವೇ ಚಾಡಿ ಹೇಳುತ್ತದೆ. ಇದನ್ನು ನಾನು ಟ್ರೈನಿಗಳಿಂದ ಬಾಯಿ ತಪ್ಪದಷ್ಟು ಅಭ್ಯಾಸ ಮಾಡಿಸುತ್ತೇನೆ. ನಾನು ಮಾಲಕ, ಅವರು ಟ್ರೈನಿ. ಬೇರೆ ಬೇರೆ ರೀತಿಯಲ್ಲಿ ಕೇಳುತ್ತೇನೆ, ಪ್ರೀತಿಯಿಂದ, ಗದರಿಸಿ, ನಗುತ್ತಾ. ನಗುತ್ತಾ ಕೇಳಿದಾಗಲೇ ಹೆಚ್ಚಿನವರು ಸೋಲುತ್ತಾರೆ.

ಎರಡನೆಯ ಸಂಗತಿ ಸರ್ವೇ ಫಾರಂ. "ಹೆಸರು ಬರೆಯಬೇಕಾಗಿಲ್ಲ, ಧೈರ್ಯವಾಗಿ ತುಂಬಿ" ಅಂತ ಮೇಲೆ ಅಚ್ಚು ಹಾಕಿರುತ್ತಾರೆ. ಕೆಳಗೆ ವಿಭಾಗ, ಗಂಡೋ ಹೆಣ್ಣೋ, ಸೇರಿ ಎಷ್ಟು ವರ್ಷ, ಮನೆಮಾತು. ಇಪ್ಪತ್ತು ಮೂವತ್ತು ಜನರ ಸಂಸ್ಥೆಯಲ್ಲಿ ಅಕೌಂಟ್ಸ್, ಹೆಂಗಸು, ಹತ್ತು ವರ್ಷದಿಂದ ಜಾಸ್ತಿ, ಮನೆಮಾತು ಕೊಂಕಣಿ ಅಂದರೆ ಇನ್ನು ಹೆಸರು ಯಾಕೆ ಬೇಕು? ತುಳು, ಮಲಯಾಳ, ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಒಟ್ಟಿಗೆ ಬದುಕುವ ಊರಿನಲ್ಲಿ ಭಾಷೆಯೇ ವಿಳಾಸ ಹೇಳಿಬಿಡುತ್ತದೆ. ಒಂದು ಕಟ್ಟು ಫಾರಂ ಪೂರ್ತಿ ಮಲಯಾಳದಲ್ಲಿ, ನಡುವೆ ಒಂದೇ ಒಂದು ಕನ್ನಡದಲ್ಲಿ ತುಂಬಿದ್ದು. ಅದನ್ನು ಹಾಗೆಯೇ ಮಾಲಕರ ಮೇಜಿಗೆ ಇಟ್ಟರೆ ಆಯಿತಲ್ಲ. ಕೈಬರಹ ನೋಡಿದರೂ ಸಾಕು.

ಹಾಗಾಗಿ ಮೂಲ ಫಾರಂ ಸಂಸ್ಥೆಯ ಕೈಗೆ ಹೋಗಬಾರದು. ಬೇಡದ ವಿವರ ಕೇಳಲೇಬಾರದು. ಸಣ್ಣ ಗುಂಪಿನ ಫಲಿತಾಂಶವನ್ನು ಬೇರೆಯಾಗಿ ತೋರಿಸಬಾರದು. ನಾನು ಹತ್ತು ಜನರಿಗಿಂತ ಕಡಿಮೆ ಇದ್ದರೆ ಬೇರೆಯಾಗಿ ಕೊಡುವುದಿಲ್ಲ. ಐದು ಸಾಕು ಅನ್ನುವವರೂ ಇದ್ದಾರೆ. ನಮ್ಮ ಊರಿನ ಪರಿಚಯ ನೋಡಿದರೆ ಐದು ತೀರಾ ಕಡಿಮೆ ಅಂತ ನನ್ನ ಅಭಿಪ್ರಾಯ. ಇಷ್ಟು ಮಾಡಿದರೂ ಎರಡು ತೂತು ಉಳಿಯುತ್ತವೆ. ಒಟ್ಟು ಸಂಸ್ಥೆಯ ಸರಾಸರಿಯನ್ನೂ ಉಳಿದ ವಿಭಾಗಗಳ ಸರಾಸರಿಯನ್ನೂ ಕೊಟ್ಟರೆ, ಬಿಟ್ಟ ವಿಭಾಗದ್ದನ್ನು ಯಾರು ಬೇಕಾದರೂ ಕಳೆದು ತೆಗೆಯಬಹುದು. ಇನ್ನೊಂದು, ಒಂದು ವಿಭಾಗದ ಅಷ್ಟೂ ಮಂದಿ "ಮೇಲ್ವಿಚಾರಕರ ಮೇಲೆ ನಂಬಿಕೆ ಇಲ್ಲ" ಅಂತ ಬರೆದಿದ್ದರೆ ಗುಂಪು ಎಷ್ಟು ದೊಡ್ಡದಾದರೂ ಪ್ರತಿಯೊಬ್ಬರ ಉತ್ತರ ಬಯಲಾದ ಹಾಗೆಯೇ. ಅಂಥ ಕಡೆ ಸಂಖ್ಯೆ ಬಿಟ್ಟು, ವಿಷಯವನ್ನು ಮಾತ್ರ ಇಡೀ ಸಂಸ್ಥೆಗೆ ಸೇರಿಸಿ ಬರೆಯಬೇಕು.

ಜನ ಆಡಿದ ಮಾತನ್ನು ಹಾಗೆಯೇ ಉದ್ಧರಿಸುವ ಆಸೆ ಟ್ರೈನಿಗಳಿಗೆ ಜಾಸ್ತಿ. ರಿಪೋರ್ಟಿಗೆ ಜೀವ ಬರುತ್ತದೆ ಅಂತ. ಬರುತ್ತದೆ, ನಿಜ. ಆದರೆ ಒಬ್ಬೊಬ್ಬರಿಗೆ ಒಂದೊಂದು ಪಲುಕು ಇರುತ್ತದೆ. ಅದನ್ನು ದಿನಾ ಕೇಳುವ ಮಾಲಕರಿಗೆ ಗೊತ್ತಾಗದೆ ಇರುತ್ತದಾ? ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ 1928ರಿಂದ 1930ರ ತನಕ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಮಾತಾಡಿಸಿದರು. ಅವರು ಹೇಳಿದ್ದನ್ನು ಮೇಲ್ವಿಚಾರಕರ ತರಬೇತಿಗೆ ಬಳಸಿದರು, ಗುರುತು ತೆಗೆದು. ಅಷ್ಟು ದೊಡ್ಡ ಕಾರ್ಖಾನೆಗೇ ಆ ಎಚ್ಚರ ಬೇಕಾಗಿತ್ತು. ಉಪ್ಪಳದ ಒಂದು ಅಂಗಡಿಗೆ ಎಷ್ಟು ಬೇಕು?

ಇನ್ನು ಇದರ ಇನ್ನೊಂದು ಮಗ್ಗುಲು. "ಯಾರಿಗೂ ಹೇಳುವುದಿಲ್ಲ" ಅಂತ ಮಾತು ಕೊಡುವುದೂ ತಪ್ಪು. ಕೊಟ್ಟ ಮೇಲೆ ಉಳಿಸಿಕೊಳ್ಳಲು ಆಗದ ಮಾತು ಅದು. ಟ್ರೈನಿ ತನಗೆ ಕಲಿಸುವವರಿಗೆ ಹೇಳಲೇಬೇಕು. ಯಾರದಾದರೂ ಜೀವಕ್ಕೆ ಅಪಾಯ ಇದೆ ಅಂತ ಗೊತ್ತಾದರೆ ಸುಮ್ಮನಿರಲು ಆಗುವುದಿಲ್ಲ. ಯಂತ್ರದ ರಕ್ಷಣಾ ಕವಚ ತೆಗೆದು ಕೆಲಸ ಮಾಡಿಸುತ್ತಿದ್ದಾರೆ ಅಂತ ಒಬ್ಬರು ಹೇಳಿದರು ಅನ್ನಿ. ಅದನ್ನು ವರ್ಷದ ಕೊನೆಯ ರಿಪೋರ್ಟಿನ ತನಕ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಾ?

ಲೈಂಗಿಕ ಕಿರುಕುಳದ ವಿಷಯ ಬಂದರೆ ಇನ್ನೂ ಎಚ್ಚರ ಬೇಕು. ಅದಕ್ಕೆ 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಕಡಿಮೆ ಇದ್ದರೆ, ಅಥವಾ ದೂರು ಮಾಲಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಕೊಡಲು ಸಾಮಾನ್ಯವಾಗಿ ಮೂರು ತಿಂಗಳ ಗಡುವು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳ ತನಕ ಬಿಡಬಹುದು. ಟ್ರೈನಿಯ ಕೆಲಸ ಆ ಹೆಣ್ಣುಮಗಳಿಗೆ ಈ ದಾರಿ ತೋರಿಸುವುದು, ಗಡುವು ತಿಳಿಸುವುದು, ಅವತ್ತೇ ನನಗೆ ಫೋನ್ ಮಾಡುವುದು. ತಾನೇ ವಿಚಾರಣೆ ಮಾಡಲು ಹೊರಡಬಾರದು. ಅವಳನ್ನು ಕೇಳದೆ ಮಾಲಕರ ಕಿವಿಗೆ ಹಾಕಲೂಬಾರದು. ಕಾನೂನು ನನ್ನ ವಿಷಯವಲ್ಲ, ನಿಮ್ಮ ಸಂಸ್ಥೆಗೆ ಏನೇನು ಅನ್ವಯ ಅಂತ ವಕೀಲರನ್ನೇ ಕೇಳಿ.

ಹಾಗಾದರೆ ಮಾತಿನ ಶುರುವಿನಲ್ಲಿ ಹೇಳಬೇಕಾದದ್ದೇನು? ನನ್ನ ಟ್ರೈನಿಗಳು ಹೇಳುವುದು ಹೀಗೆ: "ಅಕ್ಕ, ನೀವು ಹೇಳಿದ್ದನ್ನು ನಾನು ಮತ್ತು ನನಗೆ ಕಲಿಸುವವರು ಮಾತ್ರ ನೋಡುತ್ತೇವೆ. ಮಾಲಕರಿಗೆ ಎಲ್ಲರ ಮಾತೂ ಸೇರಿಸಿ, ಹೆಸರಿಲ್ಲದೆ ಹೋಗುತ್ತದೆ. ಯಾರದಾದರೂ ಜೀವಕ್ಕೆ ಅಪಾಯ ಅಂತ ಕಂಡರೆ, ಅಥವಾ ಕಾನೂನು ಕೇಳಿದರೆ ಮಾತ್ರ ಹೇಳಬೇಕಾಗುತ್ತದೆ, ಅದನ್ನೂ ಆದಷ್ಟು ನಿಮಗೆ ಮೊದಲು ತಿಳಿಸುತ್ತೇನೆ. ಮಾತಾಡಲು ಮನಸ್ಸಿಲ್ಲದಿದ್ದರೆ ಬೇಡ, ಹಾಗಂತ ಯಾರಿಗೂ ಹೇಳುವುದಿಲ್ಲ." ತುಳುವಿನಲ್ಲಿ ಕೇಳುವವರಿಗೆ ತುಳುವಿನಲ್ಲಿ, ಮಲಯಾಳದವರಿಗೆ ಮಲಯಾಳದಲ್ಲಿ. ಇದೇ ಕಾಗದಕ್ಕೆ ಮಾಲಕರ ಸಹಿ ಮೊದಲೇ ಆಗಿರುತ್ತದೆ. ಸಹಿ ಹಾಕದ ಸಂಸ್ಥೆಗೆ ನಾನು ಟ್ರೈನಿಗಳನ್ನು ಕಳಿಸುವುದಿಲ್ಲ. ಅದರಿಂದ ಕೆಲವು ಕೆಲಸ ಕೈತಪ್ಪಿದ್ದೂ ಇದೆ.

ಮಾಲಕರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಹೆಚ್ಚಿನವರು ಅಪ್ಪ ಇಟ್ಟ ಅಂಗಡಿಯನ್ನು ಕಷ್ಟಪಟ್ಟು ಬೆಳೆಸಿದವರು. ಕೆಲಸದವರ ಮನೆಯ ಮದುವೆಗೆ ಮೊದಲು ಹೋಗುವವರು, ಆಸ್ಪತ್ರೆಗೆ ದುಡ್ಡು ಕೊಡುವವರು. "ಮನೆಯವರ ಹಾಗೆ ನೋಡಿಕೊಂಡಿದ್ದೇನೆ ಮಾರಾಯ್ರೆ, ನನ್ನ ಹತ್ತಿರ ಹೇಳಲು ಏನು?" ಅಂತ ಅವರು ಕೇಳುವಾಗ ಅದರಲ್ಲಿ ನಿಜವಾದ ನೋವಿದೆ. ನನಗೆ ಅದು ಅರ್ಥ ಆಗುತ್ತದೆ. ಮನೆಯವರ ಹಾಗೆ ನೋಡಿಕೊಂಡದ್ದರಿಂದಲೇ ಅವರು ಹೇಳುವುದಿಲ್ಲ ಸ್ವಾಮಿ. ಉಪಕಾರ ಮಾಡಿದವರ ಮುಖ ನೋಡಿ ದೂರು ಹೇಳಲು ಯಾರಿಗೆ ಬಾಯಿ ಬರುತ್ತದೆ?

ಒಂದು ಸೂಪರ್ ಮಾರ್ಕೆಟಿನಲ್ಲಿ ಬಿಲ್ಲಿಂಗಿನ ಹುಡುಗಿಯರು ನಿಲ್ಲುತ್ತಲೇ ಇರಲಿಲ್ಲ. ಯಾರೋ ಒಬ್ಬಳು ಉಳಿದವರ ತಲೆ ಕೆಡಿಸುತ್ತಿದ್ದಾಳೆ ಅಂತ ಮಾಲಕರ ಸಂಶಯ. ಆ ಒಬ್ಬಳ ಹೆಸರು ಬೇಕಿತ್ತು ಅವರಿಗೆ. ನಾವು ಹೆಸರು ಕೊಡಲಿಲ್ಲ, ಕಾರಣ ಕೊಟ್ಟೆವು. ಅಂಗಡಿ ಮುಚ್ಚಿ ಲೆಕ್ಕ ಒಪ್ಪಿಸುವಷ್ಟರಲ್ಲಿ ಒಳಊರಿನ ಕೊನೆಯ ಬಸ್ ಹೋಗಿರುತ್ತಿತ್ತು. ದಿನಾ ಅಣ್ಣನೋ ಅಪ್ಪನೋ ಬೈಕಿನಲ್ಲಿ ಬಂದು ಕಾಯಬೇಕು. ಮಳೆಗಾಲ ಶುರುವಾದ ಕೂಡಲೇ ಮನೆಯವರು "ಬೇಡ, ಬಿಟ್ಟುಬಿಡು" ಅನ್ನುತ್ತಿದ್ದರು. ದೂರದಿಂದ ಬರುವವರ ಕ್ಯಾಷ್ ಲೆಕ್ಕವನ್ನು ಬೇಗ ಮುಗಿಸಿ, ಹತ್ತಿರದವರನ್ನು ಕೊನೆಗೆ ಇಟ್ಟರು. ಬಿಟ್ಟು ಹೋಗುವುದು ಕಡಿಮೆಯಾಯಿತು. ಅದೊಂದರಿಂದಲೇ ಅಂತ ಹೇಳಲು ನನ್ನಲ್ಲಿ ಪುರಾವೆ ಇಲ್ಲ, ಸಂಬಳವೂ ಆಗ ಸ್ವಲ್ಪ ಏರಿತ್ತು. ಆದರೆ ಹೆಸರು ಸಿಕ್ಕಿದ್ದರೆ ಒಬ್ಬಳ ಕೆಲಸ ಹೋಗುತ್ತಿತ್ತು, ಬಸ್ಸಿನ ಸಮಸ್ಯೆ ಹಾಗೆಯೇ ಉಳಿಯುತ್ತಿತ್ತು.

ಟ್ರೈನಿಗಳಿಗೆ ಇನ್ನೊಂದೇ ಮಾತು, ಟಿಪ್ಪಣಿಯ ಬಗ್ಗೆ. ನೀವು ನನಗೆ ತೋರಿಸುವ ಲಾಗ್‌ಬುಕ್ಕಿನಲ್ಲಿ ಹೆಸರು ಬೇಡ, ಸಂಕೇತ ಸಾಕು. ಯಾವ ಸಂಕೇತ ಯಾರದು ಅನ್ನುವ ಪಟ್ಟಿ ಬೇರೆ ಕಡೆ, ಬೀಗದ ಒಳಗೆ ಇರಲಿ. ಬಸ್ಸಿನಲ್ಲಿ ಕೂತು ಗೆಳತಿಗೆ ವಾಟ್ಸಾಪ್ ವಾಯ್ಸ್ ಕಳಿಸಿ ಇವತ್ತಿನ ಮಾತುಕತೆ ವರ್ಣಿಸಬೇಡಿ, ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದಾರೆ ಅಂತ ನಿಮಗೆ ಗೊತ್ತಿಲ್ಲ. ಕೆಲಸ ಮುಗಿದ ಮೇಲೆ, ಫೋನಿನಲ್ಲಿ "ಗೋಡೌನ್ ಅಕ್ಕ, ಕುಂಬಳೆ" ಅಂತ ಸೇವ್ ಮಾಡಿಕೊಂಡ ನಂಬರನ್ನೂ ಅಳಿಸಿ.