ಪಾಂಪೆಯ ಜನ ನಿಜವಾಗಿಯೂ ಕಲ್ಲಾಗಿದ್ದಾರಾ?

ಪ್ರಶ್ನೆ: ಇಟಲಿಯ ಪಾಂಪೆಯಲ್ಲಿ ಜ್ವಾಲಾಮುಖಿ ಸಿಡಿದಾಗ ಜನ ಕೂತಲ್ಲೇ, ಮಲಗಿದ್ದಲ್ಲೇ ಕಲ್ಲಾದರು ಅಂತ ವಾಟ್ಸಾಪ್‌ನಲ್ಲಿ ಫೋಟೊಗಳು ಬರುತ್ತಿರುತ್ತವೆ. ಇದು ನಿಜವಾ? ಅದರೊಳಗೆ ಹೆಣ ಇದೆಯಾ?

ಉತ್ತರ: ಯಾರೂ ಕಲ್ಲಾಗಿಲ್ಲ. ಅಹಲ್ಯೆಯ ಕಥೆ ಕೇಳಿ ಬೆಳೆದವರು ನಾವು, ಅದಕ್ಕೇ ಇಂಥ ಮಾತು ಬೇಗ ಮನಸ್ಸಿಗೆ ಹತ್ತುತ್ತದೆ. ಫೋಟೊದಲ್ಲಿ ಕಾಣುವ ಬಿಳಿ ಮೈ ಪ್ಲಾಸ್ಟರ್ ಆಫ್ ಪ್ಯಾರಿಸ್. ನಮ್ಮಲ್ಲಿ ಗಣೇಶನ ಮೂರ್ತಿ ಮಾಡಲು ಬಳಸುತ್ತಾರಲ್ಲ, ಅದೇ. ಹಾಗಂತ ಅವು ಬರೀ ಗೊಂಬೆಗಳಲ್ಲ. ಹೆಚ್ಚಿನವುಗಳ ಒಳಗೆ ಸತ್ತವರ ಮೂಳೆಗಳು ಇವತ್ತಿಗೂ ಇವೆ.

ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ, ರೋಮನ್ನರ ಕಾಲದ ಊರಾದ ಪಾಂಪೆಯ ಮೇಲೆ ಮೊದಲು ಬಿದ್ದದ್ದು ಪ್ಯೂಮಿಸ್. ಹಿಮ್ಮಡಿ ಉಜ್ಜಲು ಅಂಗಡಿಯಲ್ಲಿ ಸಿಗುವ ತೂತುತೂತಿನ ಹಗುರ ಕಲ್ಲು ಅದು. ಮಧ್ಯಾಹ್ನ ಶುರುವಾದ ಈ ಕಲ್ಲುಮಳೆ ರಾತ್ರಿಯೆಲ್ಲ ಸುರಿಯಿತು. ಭಾರಕ್ಕೆ ಸೂರುಗಳು ಕುಸಿದು ಎಷ್ಟೋ ಜನ ಸತ್ತರು. ಅವರದ್ದು ಅಸ್ಥಿಪಂಜರ ಮಾತ್ರ ಉಳಿದಿದೆ. ಸಡಿಲ ಕಲ್ಲಿನ ರಾಶಿಯಲ್ಲಿ ಮೈಯ ಆಕಾರ ನಿಲ್ಲುವುದಿಲ್ಲ.

ಮರುದಿನ ಬೆಳಿಗ್ಗೆ ಬಂದದ್ದು ಬೇರೆಯೇ. ಕುದಿಯುವ ಅನಿಲ ಮತ್ತು ನುಣ್ಣನೆಯ ಬೂದಿ ಬೆಟ್ಟದಿಂದ ಭಾರಿ ವೇಗದಲ್ಲಿ ಇಳಿದು ಊರಿಗೆ ನುಗ್ಗಿತು. ಅಲ್ಲಿಯವರೆಗೆ ಬದುಕಿದ್ದವರೂ ಉಳಿಯಲಿಲ್ಲ. ಈ ಬೂದಿ ಅವರ ಮೈಗೆ ಒತ್ತಾಗಿ ಮೆತ್ತಿಕೊಂಡು ಗಟ್ಟಿಯಾಯಿತು. ಮುಂದೆ ಮಾಂಸ ಕೊಳೆತುಹೋಯಿತು, ಬಟ್ಟೆಯೂ ಹೋಯಿತು. ಮೈ ಇದ್ದ ಜಾಗ ಮಾತ್ರ ಟೊಳ್ಳಾಗಿ ಹಾಗೇ ಉಳಿಯಿತು, ಒಳಗೆ ಮೂಳೆಗಳ ಸಮೇತ.

ಪಾಂಪೆಯ ಉತ್ಖನನ ಶುರುವಾದದ್ದು 1748ರಲ್ಲಿ. ಇಂಥ ಎಷ್ಟು ಟೊಳ್ಳುಗಳು ಹಾರೆಯ ಏಟಿಗೆ ಒಡೆದುಹೋದವೋ! 1863ರಲ್ಲಿ, ಅಗೆತದ ಉಸ್ತುವಾರಿ ಹೊತ್ತಿದ್ದ ಜುಸೆಪ್ಪೆ ಫಿಯೊರೆಲ್ಲಿ ಕೆಲಸ ನಿಲ್ಲಿಸಿ, ಟೊಳ್ಳಿಗೆ ನೀರುನೀರಾದ ಪ್ಲಾಸ್ಟರ್ ಹೊಯ್ಯಿಸಿದರು. ಅದು ಗಟ್ಟಿಯಾದ ಮೇಲೆ ಸುತ್ತಲಿನ ಬೂದಿ ಬಿಡಿಸಿದರೆ ಮನುಷ್ಯರೇ ಎದುರಿಗಿದ್ದರು. ಶಿಲ್ಪಿ ಕೈಯಿಡದೆ, ಸಾವೇ ಮಾಡಿಟ್ಟ ಅಚ್ಚು ಅದು. ಇಲ್ಲಿಯವರೆಗೆ ಸುಮಾರು ನೂರು ಜನರ ಎರಕ ಸಿಕ್ಕಿದೆ. 1874ರಲ್ಲಿ ತೆಗೆದ ನಾಯಿಯದೂ ಒಂದಿದೆ. ಕೊರಳಿಗೆ ಪಟ್ಟಿ ಕಟ್ಟಿದೆ. ಬೆನ್ನು ನೆಲಕ್ಕೆ ತಾಗಿಸಿ, ಮೈ ತಿರುಚಿ, ಕಾಲು ಮೇಲೆತ್ತಿದೆ. ಕಟ್ಟಿಹಾಕಿದ್ದರಿಂದ ಓಡಲಾಗಲಿಲ್ಲ, ಪಾಪ.

ಇದೇ ವಿಧಾನ ಈಗಲೂ ನಡೆಯುತ್ತದೆ. 2020ರಲ್ಲಿ ಪಾಂಪೆಯ ಹೊರಗೆ ಚಿವಿಟಾ ಜುಲಿಯಾನಾ ಎಂಬಲ್ಲಿ ಇಬ್ಬರು ಗಂಡಸರು ಸಿಕ್ಕರು. ಅವರ ಬಟ್ಟೆಯ ನೆರಿಗೆಗಳೂ ಪ್ಲಾಸ್ಟರಿನಲ್ಲಿ ಮೂಡಿವೆ. ಒಬ್ಬನದು ಎಳೆ ವಯಸ್ಸು, ಆದರೂ ಬೆನ್ನುಮೂಳೆ ಅದುಮಿಹೋಗಿತ್ತು. ಭಾರ ಹೊತ್ತು ದುಡಿದ ಗುಲಾಮ ಇರಬೇಕು ಎಂದು ತಜ್ಞರು ಹೇಳಿದರು. ಅವನು ಪಟ್ಟ ಪಾಡಿಗೆ ಆ ಮೂಳೆಯೇ ಸಾಕ್ಷಿ.

ಫೋಟೊ ಜೊತೆ ಬರುವ ಕಥೆಗಳನ್ನು ಮಾತ್ರ ಸುಮ್ನೆ ನಂಬಬೇಡಿ. ಒಂದು ಮನೆಯಲ್ಲಿ ಚಿನ್ನದ ಕಡಗ ತೊಟ್ಟವರ ಮೈಮೇಲೆ ಮಗು ಇತ್ತು. ತಾಯಿ ಮಗು ಅಂತಲೇ ತಲೆಮಾರುಗಳ ಕಾಲ ಹೇಳಿಕೊಂಡು ಬಂದರು. 2024ರಲ್ಲಿ ಡಿಎನ್‌ಎ ಫಲಿತಾಂಶ ಬಂತು: ಕಡಗ ತೊಟ್ಟಿದ್ದದ್ದು ಗಂಡಸು, ಮಗುವಿಗೂ ಅವನಿಗೂ ರಕ್ತಸಂಬಂಧವಿಲ್ಲ. ನನಗಂತೂ ಈ ಸತ್ಯವೇ ಜಾಸ್ತಿ ಮನಸ್ಸಿಗೆ ತಾಗಿತು. ಆ ಹೊತ್ತಿನಲ್ಲೂ ಯಾರದೋ ಮಗು ಅವನ ಹತ್ತಿರ ಇತ್ತಲ್ವಾ?

ಇನ್ನೊಂದು ಮಾತು. ಇವು ಒಂದು ರೀತಿಯಲ್ಲಿ ಸಮಾಧಿಗಳೇ. ಪಕ್ಕದಲ್ಲಿ ನಿಂತು ನಗುತ್ತಾ ಸೆಲ್ಫಿ ತೆಗೆಯುವುದು ನೋಡಿದರೆ ಸಂಕಟವಾಗುತ್ತದೆ. ಪಾಂಪೆಗೆ ಹೋಗುವವರಿದ್ದರೆ ಹಳೆಯ ಊರಿನ ನೊಚೆರಾ ಹೆಬ್ಬಾಗಿಲ ಹತ್ತಿರದ ‘ಓಡಿಹೋಗುತ್ತಿದ್ದವರ ತೋಟ’ಕ್ಕೆ ಹೋಗಿ. ಊರು ಬಿಟ್ಟು ಹೊರಟಿದ್ದ 13 ಜನ, ಮಕ್ಕಳೂ ಸೇರಿ, ಬಿದ್ದ ಜಾಗದಲ್ಲೇ ಇದ್ದಾರೆ.